ಭರಣಿ ಸುಮ್ಮನಾದಾಗ

ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ನಮಗೆ ಪರಿಚಯದ ಒಬ್ಬ ಅಜ್ಜಿ ಇದ್ದಾರೆ. ಅವರ ಮಾವ, ಗಂಡ ಇಬ್ಬರೂ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದವರು. ಒಂದು ಡಿಸೆಂಬರಿನಲ್ಲಿ ಕ್ರಿಸ್‌ಮಸ್ ತಯಾರಿ ಬಗ್ಗೆ ಸಣ್ಣ ವರದಿ ಬೇಕು ಅಂತ ಅವರ ಮನೆಗೆ ಹೋಗಿದ್ದೆವು. ವರದಿಗೆ ಬೇಕಾದ್ದು ಹತ್ತು ನಿಮಿಷದಲ್ಲಿ ಸಿಕ್ಕಿತು. ಏಳುವ ಹೊತ್ತಿಗೆ ಅಡುಗೆಮನೆ ಮೂಲೆಯಲ್ಲಿದ್ದ ದೊಡ್ಡ ಚೀನಿ ಭರಣಿ ಕಣ್ಣಿಗೆ ಬಿತ್ತು. ಈಗ ಅದರಲ್ಲಿ ಮಾವಿನಕಾಯಿ ಉಪ್ಪಿನಕಾಯಿ ಇದೆ. ಮೊದಲು ಏನಿತ್ತು ಅಂತ ಕೇಳಿದೆವು.

"ವೈನ್ ಹಾಕ್ತಿದ್ವಿ. ಬಿಟ್ಟು ಭಾಳ ವರ್ಷ ಆತು," ಅಂದರು. ಆಮೇಲೆ ಕೇಳದೆಯೇ ಒಂದು ವರ್ಷದ ಕತೆ ಹೇಳಿದರು. "ಆ ವರ್ಷ ಭಾಳ ಥಂಡಿ. ಎಂಟ ದಿನಕ್ಕ ಭರಣಿ ಸುಮ್ಮನಾತು. ಕಿವಿ ಹಚ್ಚಿದ್ರ ಸಪ್ಪಳನ ಇಲ್ಲ. ಬಾಯಾಗ ಹಾಕ್ಕೊಂಡ್ರ ಸಕ್ಕರಿ ಪಾಕ. ನಾ ಅಳೂದೊಂದು ಬಾಕಿ. ನಮ್ಮ ಅತ್ತಿ ಬಂದು ಮೂಸಿ ನೋಡಿ, ಸತ್ತಿಲ್ಲವಾ ಅದು, ಮಲಗೇತಿ, ಎಬ್ಬಸಬೇಕು ಅಂದ್ರು."

"ಹೆಂಗ ಎಬ್ಬಸಿದ್ರಿ?"

"ಕಂಬಳಿ ಸುತ್ತಿ ಹಂಡೇದ ಒಲಿ ಬಾಜೂಕ ಇಟ್ವಿ. ಒಂದ ಹಿಡಿ ಗೋದಿ ಹಾಕಿದ್ವಿ. ನಾಕ ದಿನಕ್ಕ ಮತ್ತ ಬುಳುಬುಳು ಅನ್ನಾಕ ಹತ್ತಿತು."

ಕಂಬಳಿ ಯಾಕೆ ಅಂತ ನಮಗೆ ತಿಳಿಯಿತು. ಗೋಧಿ ಯಾಕೆ? ಅಜ್ಜಿಗೆ ಗೊತ್ತಿರಲಿಲ್ಲ. ಅತ್ತೆ ಹೇಳಿದ್ದರು, ಇವರು ಮಾಡಿದ್ದರು. ಆ ಗೋಧಿಯ ಬೆನ್ನು ಹತ್ತಿ ಹೋದ ನಾವು ಕೌಟಿಲ್ಯನಿಂದ ಹಿಡಿದು ಅಬಕಾರಿ ಇಲಾಖೆ ತನಕ ಸುತ್ತಿ ಬಂದೆವು. ಈ ಬರಹ ಆ ಸುತ್ತಾಟದ್ದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ. ಲೈಸನ್ಸ್ ಇಲ್ಲದೆ ಮದ್ಯ ತಯಾರಿಸುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಅಪರಾಧ, ವೈನ್ ಕೂಡ ಅದರಲ್ಲಿ ಬರುತ್ತದೆ. ಇದನ್ನು ಓದಿ ಯಾರೂ ಭರಣಿ ತೊಳೆಯಲು ಹೋಗಬೇಡಿ. ನಮಗೆ ಬೇಕಾಗಿರುವುದು ಆ ಅತ್ತೆಯ ಕೈಯಲ್ಲಿದ್ದ ತಿಳಿವಳಿಕೆ ಎಲ್ಲಿಂದ ಬಂತು, ಎಲ್ಲಿ ಕಳೆದುಹೋಯಿತು ಅನ್ನುವುದು.

ಮೊದಲು ಭರಣಿಯೊಳಗೆ ನಡೆಯುವುದನ್ನು ನೋಡೋಣ. ದ್ರಾಕ್ಷಿ ರಸದಲ್ಲಿರುವ ಸಕ್ಕರೆಯನ್ನು ಯೀಸ್ಟ್ ಎಂಬ ಕಣ್ಣಿಗೆ ಕಾಣದ ಜೀವಿ ತಿನ್ನುತ್ತದೆ. ತಿಂದ ಸಕ್ಕರೆಯಲ್ಲಿ ಹೆಚ್ಚುಕಡಿಮೆ ಅರ್ಧ ಮದ್ಯಸಾರವಾಗುತ್ತದೆ, ಉಳಿದರ್ಧ ಇಂಗಾಲದ ಡೈಆಕ್ಸೈಡ್ ಅನಿಲವಾಗಿ ಗುಳ್ಳೆಗಟ್ಟಿ ಹೊರಗೆ ಹೋಗುತ್ತದೆ. ಬುಳುಬುಳು ಸದ್ದು ಆ ಗುಳ್ಳೆಗಳದ್ದು. ಸಕ್ಕರೆ ತೀರಿದಾಗ ಸದ್ದು ನಿಲ್ಲುತ್ತದೆ. ತೊಂದರೆ ಏನೆಂದರೆ, ಸಕ್ಕರೆ ತೀರುವ ಮುಂಚೆಯೇ ಯೀಸ್ಟ್ ಕೈಚೆಲ್ಲಿ ಕೂತರೂ ಸದ್ದು ನಿಲ್ಲುತ್ತದೆ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ.

ಇದು ಹೊಸ ಗೊಂದಲವೇನಲ್ಲ. ಆಯುರ್ವೇದದ ಆಸವ, ಅರಿಷ್ಟ ಮಾಡುವವರು ಹುದುಗು ಮುಗಿದಿದೆಯೇ ಅಂತ ನೋಡಲು ಮಡಕೆಗೆ ಕಿವಿ ಹಚ್ಚುತ್ತಾರೆ, ಬಾಯಿಯ ಬಳಿ ಉರಿಯುವ ಕಡ್ಡಿ ಹಿಡಿಯುತ್ತಾರೆ. ಕಡ್ಡಿ ಆರಿದರೆ ಒಳಗೆ ಅನಿಲ ಏಳುತ್ತಿದೆ, ಇನ್ನೂ ಮುಗಿದಿಲ್ಲ ಎಂದರ್ಥ. ನಮ್ಮ ಕಡೆಯ ಹಿರಿಯರಿಗೆ ಈ ಪರೀಕ್ಷೆ ಹೊಸದಲ್ಲ. ಜೋಳ ತುಂಬಿಟ್ಟ ಹಗೇವಿಗೆ ಇಳಿಯುವ ಮುಂಚೆ ದೀಪ ಇಳಿಬಿಟ್ಟು ನೋಡುತ್ತಿದ್ದರಲ್ಲ, ಅದೇ ಅನಿಲ, ಅದೇ ಲೆಕ್ಕ. ಹಗೇವಿನಲ್ಲಿ ದೀಪ ಜೀವ ಉಳಿಸುತ್ತದೆ. ಭರಣಿಯ ವಿಷಯದಲ್ಲಿ ಮಾತ್ರ ಅದು ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ. ಕಡ್ಡಿ ಉರಿಯುತ್ತಲೇ ಇದ್ದರೆ ಹುದುಗು ಮುಗಿದಿರಬಹುದು, ಮಧ್ಯದಲ್ಲೇ ನಿಂತಿರಲೂಬಹುದು. ಆಗ ನಾಲಿಗೆಯೇ ಹೇಳಬೇಕು. ಅಜ್ಜಿಯ ಅತ್ತೆ ಮೂಸಿ, ರುಚಿ ನೋಡಿ ತೀರ್ಪು ಕೊಟ್ಟದ್ದು ಅದಕ್ಕೇ.

ಹುದುಗು ನಿಲ್ಲಲು ಕಾರಣ ಹಲವು. ಮುಖ್ಯವಾದವು ಮೂರು: ಚಳಿ, ಹಸಿವು, ಮತ್ತು ಕೇಳಿದರೆ ನಗು ಬರುವಂಥದ್ದು, ಅತಿಯಾದ ಸಕ್ಕರೆ. ಈ ಮೂರಕ್ಕೂ ನಮ್ಮ ಹಳೆಯ ಪುಸ್ತಕಗಳಲ್ಲಿ ಮದ್ದು ಇತ್ತು. ಕಾರಣ ಮಾತ್ರ ಬರೆದಿಟ್ಟಿರಲಿಲ್ಲ.

ಕೌಟಿಲ್ಯನ ಅರ್ಥಶಾಸ್ತ್ರದ ಹೆಸರು ನೀವು ಕೇಳಿರುತ್ತೀರಿ. ಕಳೆದೇ ಹೋಗಿದೆ ಅಂದುಕೊಂಡಿದ್ದ ಆ ಗ್ರಂಥದ ತಾಳೆಗರಿ ಸಿಕ್ಕದ್ದು ನಮ್ಮ ಮೈಸೂರಿನಲ್ಲಿ, 1905ರಲ್ಲಿ. ಓರಿಯೆಂಟಲ್ ಲೈಬ್ರರಿಯ ಆರ್. ಶಾಮಾಶಾಸ್ತ್ರಿಗಳು ಅದನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರು. ಅದರ ಎರಡನೇ ಅಧಿಕರಣದಲ್ಲಿ ಸುರಾಧ್ಯಕ್ಷ, ಅಂದರೆ ಆ ಕಾಲದ ಅಬಕಾರಿ ಅಧಿಕಾರಿ, ಏನೇನು ನೋಡಿಕೊಳ್ಳಬೇಕು ಎಂಬ ಅಧ್ಯಾಯವೇ ಇದೆ. ದ್ರಾಕ್ಷಿ ರಸದಿಂದ ಆದದ್ದಕ್ಕೆ ಅಲ್ಲಿ 'ಮಧು' ಎಂದು ಹೆಸರು. ಹುದುಗು ಹುಟ್ಟಿಸಲು ಹಾಕುವ ಹೆಪ್ಪಿಗೆ 'ಕಿಣ್ವ' ಎಂದು ಹೆಸರು.

ಕಿಣ್ವವನ್ನು ಮಾಡುವುದು ಹೇಗೆ ಅಂತಲೂ ಅಲ್ಲಿ ಬರೆದಿದೆ: ಉದ್ದಿನ ಹಿಟ್ಟು, ಅದಕ್ಕೆ ಅಕ್ಕಿ, ಜೊತೆಗೆ ಒಂದಿಷ್ಟು ಗಿಡಮೂಲಿಕೆ. ಉದ್ದು, ಅಕ್ಕಿ! ನಿಮ್ಮ ಮನೆಯಲ್ಲಿ ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟು ಬೆಳಿಗ್ಗೆ ಉಬ್ಬಿ ಪಾತ್ರೆಯಿಂದ ಹೊರಗೆ ಬಂದಿರುತ್ತದಲ್ಲ, ಅದರ ದೂರದ ನೆಂಟ ಅದು. ಕಿಣ್ವ, ಸುರೆ ಹಸನು ಮಾಡುವಂಥ ಕೆಲಸಕ್ಕೆ ಹೆಂಗಸರನ್ನೂ ಮಕ್ಕಳನ್ನೂ ಹಚ್ಚಬೇಕು ಅನ್ನುತ್ತಾನೆ ಕೌಟಿಲ್ಯ. ಅಂದರೆ ಈ ವಿದ್ಯೆ ಅವತ್ತಿಗೇ ಹೆಂಗಸರ ಕೈಯಲ್ಲಿತ್ತು.

ಅದೇ ಅಧ್ಯಾಯದಲ್ಲಿ ಇನ್ನೊಂದು ಮಾತಿದೆ. ಮದ್ಯದ ವ್ಯಾಪಾರವನ್ನೆಲ್ಲ ಸರ್ಕಾರದ ಹಿಡಿತದಲ್ಲಿಟ್ಟ ಕೌಟಿಲ್ಯ, ಸಂಸಾರಸ್ಥರು ಮನೆಯ ಕಾರ್ಯಗಳಲ್ಲಿ ಬಿಳಿ ಸುರೆಯನ್ನೂ ಔಷಧಿಗೆ ಅರಿಷ್ಟವನ್ನೂ ತಾವೇ ಮಾಡಿಕೊಳ್ಳಬಹುದು ಅಂತ ಬಿಟ್ಟಿದ್ದಾನೆ. ತೆರಿಗೆಯ ವಿಷಯದಲ್ಲಿ ಅವನಷ್ಟು ಬಿಗಿ ಮನುಷ್ಯ ಸಿಗುವುದು ಕಷ್ಟ. ಅಂಥವನೂ ಅಡುಗೆಮನೆಯ ಬಾಗಿಲು ತಟ್ಟಲಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆಮೇಲಿನ ಕಾಲದ ವೈದ್ಯಗ್ರಂಥಗಳಲ್ಲಿ ಈ ವಿದ್ಯೆ ಇನ್ನೂ ನಯವಾಗಿದೆ. ದ್ರಾಕ್ಷಾರಿಷ್ಟ ಈಗಲೂ ಔಷಧಿ ಅಂಗಡಿಯಲ್ಲಿ ಸಿಗುತ್ತದೆ, ನಿಮ್ಮಲ್ಲಿ ಅನೇಕರು ಬಾಣಂತನದಲ್ಲೋ ನಿಶ್ಶಕ್ತಿಗೋ ಕುಡಿದಿರಬಹುದು. ಅದು ಒಣದ್ರಾಕ್ಷಿಯ ಕಷಾಯಕ್ಕೆ ಬೆಲ್ಲ ಹಾಕಿ ಹುದುಗಿಸಿದ್ದು. ಅದರ ಮದ್ಯಸಾರ ಹೊರಗಿನಿಂದ ಬೆರೆಸಿದ್ದಲ್ಲ, ಅದರಲ್ಲೇ ಹುಟ್ಟಿದ್ದು, ಹಾಗಂತ ಬಾಟಲಿಯ ಮೇಲೂ ಬರೆದಿರುತ್ತದೆ.

ಅರಿಷ್ಟದ ಮಡಕೆಗೆ ಏನು ಮಾಡುತ್ತಿದ್ದರು ನೋಡಿ. ಒಳಗೆ ತುಪ್ಪ ಸವರಿ, ಧೂಪ ಹಾಕಿ, ರಸ ತುಂಬಿ, ಬಾಯಿ ಮುಚ್ಚಿ ಧಾನ್ಯದ ರಾಶಿಯಲ್ಲೋ ನೆಲದಲ್ಲೋ ಹುಗಿದು ತಿಂಗಳುಗಟ್ಟಲೆ ಬಿಡುತ್ತಿದ್ದರು. ಧಾನ್ಯದ ರಾಶಿ ಹಗಲಿನ ಬಿಸಿಲಿಗೆ ಬೇಗ ಕಾಯುವುದಿಲ್ಲ, ರಾತ್ರಿಯ ಥಂಡಿಗೆ ಬೇಗ ಆರುವುದಿಲ್ಲ. ಧಾರವಾಡದ ಡಿಸೆಂಬರ್ ರಾತ್ರಿಗಳು 14-15 ಡಿಗ್ರಿಗೆ ಇಳಿಯುತ್ತವೆ. ಯೀಸ್ಟ್‌ಗೆ ಹಿತವಾದದ್ದು 20ರಿಂದ 30 ಡಿಗ್ರಿ. ಅಜ್ಜಿಯ ಭರಣಿಗೆ ಸುತ್ತಿದ ಕಂಬಳಿ, ಹಂಡೆಯ ಒಲೆ ಎರಡೂ ಆ ಧಾನ್ಯದ ರಾಶಿ ಮಾಡುತ್ತಿದ್ದ ಕೆಲಸವನ್ನೇ ಮಾಡಿದವು.

ಎರಡನೆಯದು ಧಾತಕಿ ಹೂವು. ನಮ್ಮ ಪಶ್ಚಿಮಘಟ್ಟದ ಕಾಡಿನಲ್ಲಿ ಬೇಸಿಗೆಗೆ ಮುಂಚೆ ಕೆಂಪಗೆ ಅರಳುವ ಸಣ್ಣ ಹೂವು. ಬಹುಪಾಲು ಆಸವ, ಅರಿಷ್ಟಗಳಿಗೆ ಅದು ಬೇಕೇಬೇಕು. ಹೂವಿನ ಮಕರಂದಕ್ಕೆ ಕಾಡು ಯೀಸ್ಟ್ ಅಂಟಿಕೊಂಡಿರುತ್ತದೆ, ಆ ಮೂಲಕ ಹೂವು ಹೆಪ್ಪಿನ ಕೆಲಸ ಮಾಡುತ್ತದೆ. ಅರಿಷ್ಟದ ಕಷಾಯವನ್ನು ಕುದಿಸಿರುತ್ತಾರೆ, ಅದರಲ್ಲಿ ಜೀವ ಉಳಿದಿರುವುದಿಲ್ಲ. ಅದು ಪೂರ್ತಿ ಆರಿದ ಮೇಲೆಯೇ ಹೂವು ಹಾಕಬೇಕು. ಬಿಸಿ ಇದ್ದಾಗ ಹಾಕಿದರೆ ಹೂವಿನ ಜೊತೆ ಬಂದದ್ದೂ ಸಾಯುತ್ತದೆ, ಮಡಕೆ ಏಳುವುದೇ ಇಲ್ಲ. ಬಿಸಿ ಹಾಲಿಗೆ ಹೆಪ್ಪು ಹಾಕಿದರೆ ಮೊಸರಾಗುವುದಿಲ್ಲವಲ್ಲ, ಹಾಗೆ.

ಮೂರನೆಯದು ಅಳತೆ. ಇದನ್ನು ಲೆಕ್ಕ ಮಾಡಿ ನೋಡಿದಾಗ ನಮಗೇ ಆಶ್ಚರ್ಯವಾಯಿತು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇವೆ. ಸುಮಾರು 13-14ನೇ ಶತಮಾನದ ಶಾರ್ಙ್ಗಧರ ಸಂಹಿತೆಯಲ್ಲಿ ಒಂದು ಸಾಮಾನ್ಯ ನಿಯಮವಿದೆ. ಯಾವ ಅರಿಷ್ಟಕ್ಕೆ ಅಳತೆ ಹೇಳಿಲ್ಲವೋ ಅದಕ್ಕೆ ಒಂದು ದ್ರೋಣ ದ್ರವ, ಒಂದು ತುಲಾ ಬೆಲ್ಲ, ಬೆಲ್ಲದ ಅರ್ಧದಷ್ಟು ಜೇನು, ಹತ್ತನೇ ಒಂದು ಪಾಲು ಪುಡಿ. ಇವತ್ತಿನ ಲೆಕ್ಕದಲ್ಲಿ ದ್ರೋಣ ಅಂದರೆ ಸುಮಾರು 12.3 ಲೀಟರ್, ತುಲಾ ಅಂದರೆ 4.8 ಕಿಲೊ. ಬೆಲ್ಲ, ಜೇನು ಸೇರಿ 7.2 ಕಿಲೊ. ಅದರಲ್ಲಿನ ತೇವ ಕಳೆದರೆ ಸಕ್ಕರೆಯ ಅಂಶ ಸುಮಾರು 6 ಕಿಲೊ. ಇಷ್ಟನ್ನು 12.3 ಲೀಟರಿಗೆ ಹಾಕಿದರೆ ಲೀಟರಿಗೆ ಸುಮಾರು 350 ಗ್ರಾಂ ಆಗುತ್ತದೆ. ಯೀಸ್ಟ್ ಅದರಲ್ಲಿ ಬಿದ್ದರೆ ಉಸಿರುಗಟ್ಟಿದಂತಾಗಿ ಸುಮ್ಮನೆ ಕೂರುತ್ತದೆ. ಉಪ್ಪಿನಕಾಯಿಯಲ್ಲಿ ಉಪ್ಪು ಮಾಡುವ ಕೆಲಸವನ್ನು ಇಲ್ಲಿ ಸಕ್ಕರೆ ಮಾಡುತ್ತದೆ.

ಹಾಗಾದರೆ ಶಾಸ್ತ್ರ ತಪ್ಪೇ? ಅಲ್ಲ. ಆಯುರ್ವೇದದಲ್ಲಿ ಇನ್ನೊಂದು ನಿಯಮ ಬೇರೆ ಕಡೆ ಕೂತಿದೆ: ದ್ರವ ಪದಾರ್ಥವನ್ನು ಹೇಳಿದ ಅಳತೆಯ ಇಮ್ಮಡಿ ತೆಗೆದುಕೊಳ್ಳಬೇಕು. ಆಗ ದ್ರೋಣ ಅಂದರೆ 24.6 ಲೀಟರ್. ಈಗ ಮತ್ತೆ ಲೆಕ್ಕ ಮಾಡಿ. ಲೀಟರಿಗೆ ಸುಮಾರು 200 ಗ್ರಾಂ. ಇವತ್ತು ವೈನ್ ಕಾರ್ಖಾನೆಗೆ ಹೋಗುವ ಒಳ್ಳೆಯ ದ್ರಾಕ್ಷಿ ರಸದಲ್ಲಿ ಇರುವುದೂ ಹೆಚ್ಚುಕಡಿಮೆ ಅಷ್ಟೇ ಸಕ್ಕರೆ! ಮೊದಲ ಸಾಲು ಓದಿ ಎರಡನೇ ನಿಯಮ ಗೊತ್ತಿಲ್ಲದವನ ಮಡಕೆ ನಿಂತುಹೋಗುತ್ತದೆ. ಇಂಥ ವಿದ್ಯೆ ಬರೀ ಬಾಯಿಮಾತಿನಲ್ಲಿ ಅರ್ಧಂಬರ್ಧ ದಾಟಿದರೆ ಏನಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಸಿಗಲಿಲ್ಲ.

ನಮ್ಮಲ್ಲಿ ಮದ್ದು ಇದ್ದು ಕಾರಣ ಇರಲಿಲ್ಲ ಅಂದೆವು. ಯುರೋಪಿನಲ್ಲೂ ಅದೇ ಕತೆ. ಫ್ರಾನ್ಸಿನ ಶಾಂಪೇನ್ ಪ್ರದೇಶದಲ್ಲಿ ಚಳಿ ಜಾಸ್ತಿ. ದ್ರಾಕ್ಷಾರಸ ಚಳಿಗಾಲದಲ್ಲಿ ಅರ್ಧಕ್ಕೇ ನಿಂತುಬಿಡುತ್ತಿತ್ತು. ಮುಗಿಯಿತು ಅಂತ ಬಾಟಲಿಗೆ ತುಂಬಿದರೆ ವಸಂತದ ಬಿಸಿಲಿಗೆ ಮತ್ತೆ ಎದ್ದು ಅನಿಲ ತುಂಬಿ ಬಾಟಲಿಗಳು ಸಿಡಿಯುತ್ತಿದ್ದವು. ನೆಲಮಾಳಿಗೆಯಲ್ಲಿ ಕೆಲಸ ಮಾಡುವವರು ಮುಖಕ್ಕೆ ಕಬ್ಬಿಣದ ಮುಸುಕು ಹಾಕಿಕೊಳ್ಳುತ್ತಿದ್ದರು. ಸಿಡಿಯದೆ ಉಳಿದದ್ದೇ ನೊರೆ ಉಕ್ಕುವ ಶಾಂಪೇನ್. ಶ್ರೀಮಂತರ ಮದುವೆಯಲ್ಲಿ ಬಿರಡೆ ಹಾರಿಸುವ ಆ ಬಾಟಲಿಯ ಮೂಲ ಒಂದು ನಿಂತುಹೋದ ಹುದುಗು. 1836ರಲ್ಲಿ ಜಾನ್ ಬ್ಯಾಪ್ಟಿಸ್ಟ್ ಫ್ರಾಂಸ್ವಾ ಎಂಬ ಔಷಧಿ ತಯಾರಕ ವೈನಿನಲ್ಲಿ ಉಳಿದ ಸಕ್ಕರೆಯನ್ನು ಅಳೆಯುವ ದಾರಿ ತೋರಿಸಿದ ಮೇಲೆ ಸಿಡಿತ ಕಡಿಮೆಯಾಯಿತು.

ಮರುವರ್ಷ 1837. ಬಾಸೆಲ್ ಮಿಷನ್ನಿನವರು ಧಾರವಾಡಕ್ಕೆ ಬಂದು ನೆಲೆ ಹೂಡಿದ ವರ್ಷ. ಅದೇ ಹೊತ್ತಿಗೆ ಯುರೋಪಿನಲ್ಲಿ ಬೇರೆ ಬೇರೆ ಕಡೆ ಇದ್ದ ಮೂವರು ಸೂಕ್ಷ್ಮದರ್ಶಕ ಹಿಡಿದು, ಯೀಸ್ಟ್ ಅನ್ನುವುದು ಜೀವವಿರುವಂಥದ್ದು ಎಂದು ಹೇಳಿದರು. ದೊಡ್ಡ ರಸಾಯನಶಾಸ್ತ್ರಜ್ಞರು ನಂಬಲಿಲ್ಲ. ಲೀಬಿಗ್ ಮತ್ತು ವ್ಯೋಲರ್ 1839ರಲ್ಲಿ ಹೆಸರು ಹಾಕದೆ ಒಂದು ಗೇಲಿ ಬರಹ ಬರೆದರು. ಯೀಸ್ಟ್ ಅಂದರೆ ಭಟ್ಟಿ ಇಳಿಸುವ ಪಾತ್ರೆಯ ಆಕಾರದ ಹುಳ, ಅದು ಸಕ್ಕರೆ ತಿಂದು ಹಿಂದಿನಿಂದ ಮದ್ಯ ಬಿಡುತ್ತದೆ ಅಂತ. ಗೇಲಿಗೆ ಬರೆದದ್ದೇ ಆಮೇಲೆ ಹೆಚ್ಚುಕಡಿಮೆ ನಿಜವಾಯಿತು.

ನಿಜ ಮಾಡಿ ತೋರಿಸಿದವನು ಲೂಯಿ ಪಾಶ್ಚರ್. 1856ರಲ್ಲಿ ಫ್ರಾನ್ಸಿನ ಲೀಲ್ ಊರಿನಲ್ಲಿ ಅವನು ಪ್ರೊಫೆಸರ್. ಬೀಟ್‌ರೂಟ್ ರಸದಿಂದ ಮದ್ಯಸಾರ ತೆಗೆಯುವ ಬಿಗೋ ಎಂಬ ಕಾರ್ಖಾನೆದಾರ, ನಮ್ಮ ಕೆಲವು ತೊಟ್ಟಿ ಕೆಡುತ್ತಿವೆ, ಹುಳಿ ಬರುತ್ತಿವೆ, ಬಂದು ನೋಡಿ ಅಂತ ಕರೆದ. ಅವನ ಮಗ ಪಾಶ್ಚರನ ವಿದ್ಯಾರ್ಥಿ. ಒಳ್ಳೆಯ ತೊಟ್ಟಿಯಲ್ಲಿ ದುಂಡನೆಯ ಯೀಸ್ಟ್ ಕಂಡವು. ಕೆಟ್ಟ ತೊಟ್ಟಿಯಲ್ಲಿ ಕಡ್ಡಿಯಂಥ ಬೇರೆಯೇ ಜೀವಿಗಳು ತುಂಬಿದ್ದವು. ಯೀಸ್ಟ್ ಸೋತ ಜಾಗಕ್ಕೆ ಇನ್ನೊಬ್ಬರು ಬಂದು ಕೂತಿದ್ದರು. ನಿಂತ ಭರಣಿಯನ್ನು ಹಾಗೇ ಬಹಳ ದಿನ ಬಿಟ್ಟರೆ ಹುಳಿಯಾಗುವುದು ಇದೇ ಕಾರಣಕ್ಕೆ.

ನಮ್ಮ ಗೋಧಿಯ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಪಾಶ್ಚರನ 1860ರ ಬರಹದಲ್ಲಿ. ಅವನು ಬರೀ ಸಕ್ಕರೆ ನೀರಿಗೆ ಅಮೋನಿಯದ ಒಂದು ಲವಣ, ಯೀಸ್ಟ್ ಸುಟ್ಟ ಬೂದಿ, ಚೂರು ಯೀಸ್ಟ್ ಹಾಕಿದ. ಯೀಸ್ಟ್ ಬೆಳೆಯಿತು. ಅಂದರೆ ಸಕ್ಕರೆ ಒಂದೇ ಸಾಲದು, ಸಾರಜನಕ ಬೇಕು, ಖನಿಜ ಬೇಕು. ಹೊಲ ಮಾಡುವವರಿಗೆ ಇದನ್ನು ನಾವು ಬಿಡಿಸಿ ಹೇಳಬೇಕಿಲ್ಲ. ಇವತ್ತು ವೈನ್ ಕಾರ್ಖಾನೆಗಳಲ್ಲಿ ಯೀಸ್ಟ್ ಸೊರಗದಂತೆ ಹಾಕುವ ಪೋಷಕಗಳಲ್ಲಿ ಒಂದರ ಹೆಸರು ಡಿಎಪಿ. ಹೌದು, ನಿಮ್ಮ ಸೊಸೈಟಿಯಲ್ಲಿ ಸಾಲು ನಿಂತು ತರುವ 18-46ರ ಚೀಲದಲ್ಲಿರುವುದೂ ಅದೇ. ಕಾರ್ಖಾನೆಯವರು ಬಳಸುವುದು ಆಹಾರಕ್ಕೆಂದೇ ಶುದ್ಧ ಮಾಡಿದ್ದು, ಅದೂ ಲೀಟರಿಗೆ ಚಿಟಿಕೆಯಷ್ಟೂ ಅಲ್ಲ. ಗೊಬ್ಬರದ ಚೀಲದ್ದನ್ನು ಬಾಯಿಗೆ ಹೋಗುವ ಯಾವುದಕ್ಕೂ ಹಾಕಬಾರದು, ಅದರಲ್ಲಿ ಬೇರೆ ಏನೇನೋ ಇರುತ್ತದೆ.

ಅತ್ತೆಯ ಹಿಡಿ ಗೋಧಿ ಮಾಡಿದ್ದು ಈ ಪೋಷಕದ ಕೆಲಸ. ಗೋಧಿಯ ಹಿಟ್ಟಿನಂಶವನ್ನು ಯೀಸ್ಟ್ ತಿನ್ನಲಾರದು. ತೌಡಿನ ಪದರಿನಿಂದ ಬಿಡುವ ಸಾರಜನಕ, ವಿಟಮಿನ್ನು ಸ್ವಲ್ಪ ಅದಕ್ಕೆ ಸಿಗುತ್ತದೆ. ಧಾತಕಿ ಹೂವಿನಿಂದಲೂ ಹೆಪ್ಪಿನ ಜೊತೆ ಇಂಥದ್ದು ಸ್ವಲ್ಪ ಇಳಿದಿರಲೇಬೇಕು ಅನ್ನುವುದು ನಮ್ಮ ಊಹೆ.

ಇನ್ನೊಂದು ತಮಾಷೆ ಹೇಳದೆ ಮುಂದೆ ಹೋಗಲಾಗುತ್ತಿಲ್ಲ. 1897ರಲ್ಲಿ ಎಡುವರ್ಡ್ ಬುಕ್ನರ್ ಎಂಬ ಜರ್ಮನ್ ವಿಜ್ಞಾನಿ ಯೀಸ್ಟನ್ನು ಅರೆದು ಹಿಂಡಿ ತೆಗೆದ ರಸದಿಂದಲೇ ಸಕ್ಕರೆ ಹುದುಗುತ್ತದೆ ಎಂದು ತೋರಿಸಿದ. 1907ರಲ್ಲಿ ನೊಬೆಲ್ ಬಂತು. ಆ ರಸದಲ್ಲಿರುವ ಕೆಲಸಗಾರರನ್ನು ಇಂಗ್ಲಿಷಿನಲ್ಲಿ ಎನ್‌ಜೈಮ್ ಅನ್ನುತ್ತಾರೆ, ಗ್ರೀಕಿನಲ್ಲಿ ಅದರ ಅರ್ಥ 'ಯೀಸ್ಟಿನೊಳಗೆ' ಎಂದು. ಕನ್ನಡದ ವಿಜ್ಞಾನ ಪುಸ್ತಕದಲ್ಲಿ ಅದಕ್ಕೆ ಇಟ್ಟ ಹೆಸರು ಕಿಣ್ವ! ಕೌಟಿಲ್ಯನ ಸುರೆಯ ಹೆಪ್ಪಿನ ಹೆಸರನ್ನು ನಮ್ಮ ಮಕ್ಕಳು ಹೈಸ್ಕೂಲಿನಲ್ಲಿ ಜೊಲ್ಲಿನ ಪಾಠ ಓದುವಾಗ ಬಾಯಿಪಾಠ ಮಾಡುತ್ತಾರೆ.

ಅತ್ತ ಯುರೋಪಿನಲ್ಲಿ ಕಾರಣ ತಿಳಿಯುತ್ತಿದ್ದ ಹೊತ್ತಿಗೇ ಇತ್ತ ನಮ್ಮಲ್ಲಿ ಮಡಕೆಗಳಿಗೆ ಬೀಗ ಬಿತ್ತು. ಧಾರವಾಡ ಜಿಲ್ಲೆ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. 1878ರಲ್ಲಿ ಮುಂಬಯಿ ಅಬಕಾರಿ ಕಾಯ್ದೆ ಬಂತು. ಲೈಸನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧವಾಯಿತು. ಬ್ರಿಟಿಷರಿಗೆ ಜನರ ಕುಡಿತ ಬಿಡಿಸುವ ಆಸೆ ಇತ್ತು ಅಂತ ನಾವು ನಂಬುವುದಿಲ್ಲ, ಅವರ ಕಣ್ಣು ಬೊಕ್ಕಸದ ಮೇಲಿತ್ತು. ಅಬಕಾರಿ ಅಧಿಕಾರಿಯ ಕೈಯಲ್ಲಿ ಮದ್ಯದ ಕಡಕು ಅಳೆಯುವ ಸೈಕ್ಸ್ ಹೈಡ್ರೋಮೀಟರ್ ಇತ್ತು. ಹಾಲಿನ ಡೇರಿಯಲ್ಲಿ ನಿಮ್ಮ ಹಾಲಿಗೆ ಲ್ಯಾಕ್ಟೋಮೀಟರ್ ಬಿಡುತ್ತಾರಲ್ಲ, ಅದೇ ಜಾತಿಯ ಗಾಜಿನ ಅಥವಾ ಹಿತ್ತಾಳೆಯ ಬುರುಡೆ. ಸಕ್ಕರೆ ಇರುವ ರಸದಲ್ಲಿ ಅಂಥ ಬುರುಡೆ ಮೇಲೆ ತೇಲುತ್ತದೆ, ಸಕ್ಕರೆ ತೀರಿ ಮದ್ಯಸಾರವಾದಂತೆ ಕೆಳಗೆ ಇಳಿಯುತ್ತದೆ. ಒಂದೇ ಗುರುತಿಗೆ ವಾರಗಟ್ಟಲೆ ನಿಂತಿದ್ದು, ಆ ಗುರುತು ನೀರಿನ ಗುರುತಿಗಿಂತ ಬಹಳ ಮೇಲಿದ್ದರೆ ಹುದುಗು ನಿಂತಿದೆ ಎಂದರ್ಥ. ಭರಣಿ ಮುಗಿಯಿತೋ ಮಲಗಿತೋ ಅನ್ನುವ ಪ್ರಶ್ನೆಗೆ ಒಂದೇ ಕ್ಷಣದಲ್ಲಿ ಉತ್ತರ ಕೊಡುವ ಸಾಧನ ತೆರಿಗೆ ಹಾಕುವವನ ಚೀಲದಲ್ಲಿತ್ತು. ಅಡುಗೆಮನೆಗೆ ಅದು ಬರಲಿಲ್ಲ.

ಕುಡಿತದ ವಿರುದ್ಧ ನಮ್ಮ ಊರಿನಲ್ಲೇ ಎದ್ದ ದನಿ ಬೇರೆ. 1921ರ ಜುಲೈ 1ರಂದು ಧಾರವಾಡದಲ್ಲಿ ಸಾರಾಯಿ ಅಂಗಡಿಯ ಮುಂದೆ ಪಿಕೆಟಿಂಗ್ ಮಾಡುತ್ತಿದ್ದ ಅಸಹಕಾರ ಮತ್ತು ಖಿಲಾಫತ್ ಚಳವಳಿಯ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಮೂವರು ಸತ್ತರು. ಜಕಣಿ ಬಾವಿಯ ಬಳಿ ಅವರ ಸ್ಮಾರಕವಿದೆ, ಧಾರವಾಡಕ್ಕೆ ಹೋದಾಗ ನೋಡಿ. ಸಾರಾಯಿಯಿಂದ ಮನೆ ಹಾಳಾದ ಹೆಂಗಸರ ಮಾತನ್ನು ಈ ವರದಿಗಾರಿಕೆಯಲ್ಲಿ ನಾವು ಬೇಕಾದಷ್ಟು ಕೇಳಿದ್ದೇವೆ. ಭರಣಿಯ ವಿದ್ಯೆ ಹೋಯಿತು ಅಂತ ಬರೆಯುವಾಗ ಅದೂ ನಮ್ಮ ನೆನಪಿನಲ್ಲಿದೆ.

ಸ್ವಾತಂತ್ರ್ಯ ಬಂದ ಮೇಲೆ 1949ರ ಮುಂಬಯಿ ಪಾನನಿರೋಧ ಕಾಯ್ದೆ. ಧಾರವಾಡ, ಹುಬ್ಬಳ್ಳಿ ಎರಡೂ ಅದರ ಕೆಳಗೆ ಬಂದವು. 1951ರಲ್ಲಿ ಬಲ್ಸಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮದ್ಯಸಾರವಿರುವ ಔಷಧಿಗಳನ್ನು ಈ ಕಾಯ್ದೆಯಿಂದ ತಡೆಯುವುದು ಸರಿಯಲ್ಲ ಎಂದಿತು. ಅರಿಷ್ಟದ ಮಡಕೆ ಉಳಿಯಿತು, ಶಾಸ್ತ್ರವೂ ಉಳಿಯಿತು, ಅಳತೆ, ಹೂವು, ಧಾನ್ಯದ ರಾಶಿ ಎಲ್ಲ ಪುಸ್ತಕದಲ್ಲಿ, ಔಷಧಿ ಕಾರ್ಖಾನೆಯಲ್ಲಿ ಭದ್ರವಾಗಿ ಉಳಿದವು. ಮನೆಯ ಭರಣಿಗೆ ಅಂಥ ಆಸರೆ ಇರಲಿಲ್ಲ. ರೈಲ್ವೆ ವರ್ಕ್‌ಶಾಪು 1885ರಲ್ಲಿ ಸದರ್ನ್ ಮರಾಠಾ ರೈಲ್ವೆಯ ಕಾಲದಲ್ಲಿ ಶುರುವಾದಾಗಿನಿಂದ ಹುಬ್ಬಳ್ಳಿಗೆ ಬಂದ ಗೋವಾದ, ಆಂಗ್ಲೋ ಇಂಡಿಯನ್ ಕುಟುಂಬಗಳಲ್ಲಿ, ಇಲ್ಲಿನ ಕ್ರೈಸ್ತರ ಮನೆಗಳಲ್ಲಿ ಕ್ರಿಸ್‌ಮಸ್ ವೈನ್ ಇತ್ತು. ಅದು ಅತ್ತೆಯಿಂದ ಸೊಸೆಗೆ ಮೆಲುದನಿಯಲ್ಲಿ ದಾಟಿತು. "ಅಳತಿ ಯಾರು ಬರದಿಡ್ತಾರ? ಕಾಗದ ಸಿಕ್ರ ಕೇಸ್," ಅಂತ ಅಜ್ಜಿ ನಕ್ಕರು.

ಕದ್ದು ನಡೆಯುವ ಕೆಲಸದ ಅಪಾಯ ಇದಕ್ಕಿಂತ ದೊಡ್ಡದೂ ಇದೆ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಧಾರವಾಡದ ಗೋಲಿಬಾರಿನ ತಾರೀಖೇ ಅದು, ಬೇಕೆಂದೇ ಇಟ್ಟರೋ ಇಲ್ಲವೋ. 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ, ಹೊಸೂರು ಸುತ್ತ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಅದನ್ನು ನೆನೆದು ಕೆಲವರು ಹುದುಗು ನಿಂತ ವೈನ್ ವಿಷವಾಗುತ್ತದೆ ಅನ್ನುತ್ತಾರೆ. ಅದು ಹಾಗಲ್ಲ. ಅಲ್ಲಿ ಕೊಂದದ್ದು ಕೈಗಾರಿಕೆಗೆ ಬಳಸುವ ಮೆಥನಾಲ್. ಹುದುಗು ನಿಂತ ಮಾತ್ರಕ್ಕೆ ದ್ರಾಕ್ಷಿ ರಸದಲ್ಲಿ ಅದು ಹುಟ್ಟಿ ತುಂಬಿಕೊಳ್ಳುವುದಿಲ್ಲ. ನಿಂತ ಭರಣಿಯ ಅಪಾಯ ಬೇರೆ ಕಡೆ ಇದೆ, ಅಜ್ಜಿಯ ಬಾಯಲ್ಲೇ ಕೇಳಿದ್ದು.

ಕಂಬಳಿ ಸುತ್ತಿ, ಗೋಧಿ ಹಾಕಿ ಎಬ್ಬಿಸಿದರಲ್ಲ, ಆ ವರ್ಷದ ವೈನು ನಾಲ್ಕೈದು ದಿನ ಬುಳುಬುಳು ಅಂದು ಮತ್ತೆ ಸುಮ್ಮನಾಯಿತು. ಹೊಸ ವರ್ಷಕ್ಕೆ ಸೋಸಿ ಬಾಟಲಿಗೆ ಹಾಕಿ ಬಿಗಿಯಾಗಿ ಬಿರಡೆ ಜಡಿದು ಅಟ್ಟದ ಮೇಲಿಟ್ಟರು. ಹೋಳಿ ಹುಣ್ಣಿಮೆ ಹೊತ್ತಿಗೆ ಹುಬ್ಬಳ್ಳಿಯ ಬಿಸಿಲು ನಿಮಗೆ ಗೊತ್ತು. ಒಂದು ಮಧ್ಯಾಹ್ನ ಅಟ್ಟದ ಮೇಲೆ ಢಂ ಅಂತು. "ಹುಡುಗೂರು ಪಟಾಕಿ ಹಚ್ಯಾರ ಅಂದ್ಕೊಂಡ್ವಿ. ಎರಡನೇದು ಒಡದಾಗ ಗ್ವಾಡಿ ತುಂಬ ಕೆಂಪ. ಗಾಜಿನ ಚೂರು ನಮ್ಮ ಮನಿಯವರ ಕೈಗೆ ಹೊಕ್ಕು ಹೊಲಿಗಿ ಬಿದ್ವು." ಶಾಂಪೇನಿನ ನೆಲಮಾಳಿಗೆಯಲ್ಲಿ ಆಗುತ್ತಿದ್ದದ್ದೇ ಕೇಶ್ವಾಪುರದ ಅಟ್ಟದ ಮೇಲೆ ಆಯಿತು. ಲೀಟರಿಗೆ ಬರೀ 4 ಗ್ರಾಂ ಸಕ್ಕರೆ ಹುದುಗಿದರೂ ಮುಚ್ಚಿದ ಬಾಟಲಿಯೊಳಗೆ ಒಂದು ವಾತಾವರಣದಷ್ಟು ಒತ್ತಡ ಏರುತ್ತದೆ.

2020ರ ಲಾಕ್‌ಡೌನ್ ನೆನಪಿರಬೇಕು. ದ್ರಾಕ್ಷಿ ತೋಟದಲ್ಲೇ ಉಳಿದಿತ್ತು, ಮದ್ಯದಂಗಡಿ ಮೇ ಮೊದಲ ವಾರದ ತನಕ ಮುಚ್ಚಿತ್ತು. ಆಗ ನಮ್ಮ ಫೋನಿಗೂ ಮನೆಯಲ್ಲೇ ವೈನ್ ಮಾಡುವ ವಿಧಾನ ಬಂದು ಬಿತ್ತು: ಒಂದು ಕಿಲೊ ದ್ರಾಕ್ಷಿ, ಒಂದು ಕಿಲೊ ಸಕ್ಕರೆ, ಎರಡು ಲೀಟರ್ ನೀರು, ಒಂದು ಚಮಚ ಯೀಸ್ಟ್, ಒಂದು ಹಿಡಿ ಗೋಧಿ. ಅಜ್ಜಿಯ ಅಳತೆಯೂ ಹೆಚ್ಚುಕಡಿಮೆ ಇದೇ. ಲೆಕ್ಕ ಹಾಕಿದರೆ ಲೀಟರಿಗೆ 330 ಗ್ರಾಂ ಆಸುಪಾಸಿನ ಸಕ್ಕರೆ. ಶಾರ್ಙ್ಗಧರನ ನಿಯಮವನ್ನು ಅರ್ಧ ಓದಿದವನ ಮಡಕೆಯಷ್ಟೇ! ಬೇಕರಿ ಯೀಸ್ಟ್ ಸುಮಾರು ಶೇ 12ರಷ್ಟು ಮದ್ಯಸಾರ ಆಗುವಷ್ಟರಲ್ಲಿ ಸೋಲುತ್ತದೆ. ಅಷ್ಟಕ್ಕೆ ಬೇಕಾದದ್ದು 200 ಗ್ರಾಂ ಸಕ್ಕರೆ, ಉಳಿದದ್ದು ಉಳಿದೇ ಉಳಿಯುತ್ತದೆ. ಅಂದರೆ ಈ ಅಳತೆಯಲ್ಲಿ ಮಾಡಿದ ವೈನ್ ನಿಂತುಹೋಗುವುದು ಆಕಸ್ಮಿಕವಲ್ಲ, ಪ್ರತಿ ವರ್ಷ ನಿಲ್ಲುತ್ತಿತ್ತು. ಬೇಗ ನಿಂತ ವರ್ಷ ಗಾಬರಿ ಬಿದ್ದರು, ತಡವಾಗಿ ನಿಂತ ವರ್ಷ "ಈ ಸಲ ಸಿಹಿ ಛಲೋ ಬಂತು" ಅಂದರು.

ನಿಂತ ವೈನಿಗೆ ಮೇಲಿಂದ ಒಂದು ಚಮಚ ಯೀಸ್ಟ್ ಸುರಿಯುವವರಿದ್ದಾರೆ. ಈಗಾಗಲೇ ಮದ್ಯಸಾರ ತುಂಬಿದ ರಸಕ್ಕೆ ಬಿದ್ದ ಹೊಸ ಯೀಸ್ಟ್ ಅಲ್ಲೇ ಒದ್ದಾಡಿ ಸಾಯುತ್ತದೆ. ಕೃಷ್ಣಾ ಕಣಿವೆಯಲ್ಲಿ 2007ರ ದ್ರಾಕ್ಷಾರಸ ನೀತಿಯ ನಂತರ ಬಂದಂಥ ಲೈಸನ್ಸ್ ಇರುವ ವೈನರಿಗಳಲ್ಲಿ ಹೀಗೆ ಮಾಡುವುದಿಲ್ಲ. ಬೇರೆ ಪಾತ್ರೆಯಲ್ಲಿ ಉಗುರುಬೆಚ್ಚಗಿನ ನೀರು, ಸ್ವಲ್ಪ ಸಕ್ಕರೆ, ಪೋಷಕ ಹಾಕಿ ಯೀಸ್ಟನ್ನು ಮೊದಲು ಚುರುಕು ಮಾಡುತ್ತಾರೆ. ಅದಕ್ಕೆ ನಿಂತ ವೈನನ್ನು ಸ್ವಲ್ಪ ಸೇರಿಸುತ್ತಾರೆ, ಅದು ಏಳುವ ತನಕ ಕಾಯುತ್ತಾರೆ, ಮತ್ತೆ ಅಷ್ಟೇ ಸೇರಿಸುತ್ತಾರೆ. ಹೀಗೆ ಹಂತಹಂತವಾಗಿ ಯೀಸ್ಟ್ ಮದ್ಯಸಾರಕ್ಕೆ ಒಗ್ಗುತ್ತದೆ. ದ್ರಾಕ್ಷಿಯ ಮೇಲೆ ಕೊನೆಯ ವಾರದಲ್ಲಿ ಹೊಡೆದ ಗಂಧಕ, ಶಿಲೀಂಧ್ರನಾಶಕ ಉಳಿದಿದ್ದರೂ ಯೀಸ್ಟ್ ಏಳುವುದಿಲ್ಲ. ಬೂದಿರೋಗಕ್ಕೆ ಹೊಡೆದ ಮದ್ದಿಗೆ ಯೀಸ್ಟೂ ಒಂದು ಶಿಲೀಂಧ್ರವೇ.

ಈ ಲೆಕ್ಕವನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ನಾವು ಮತ್ತೆ ಕೇಶ್ವಾಪುರಕ್ಕೆ ಹೋದೆವು. ಅಜ್ಜಿ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಗೋಧಿಯ ಸಾಲಿಗೆ ಬಂದಾಗ "ಹಂಗಾರ ಅತ್ತಿ ಸುಳ್ಳ ಹೇಳಿದ್ದಿಲ್ಲ" ಅಂದರು. ಸಕ್ಕರೆಯ ಸಾಲಿಗೆ ಬಂದು ನಿಂತರು.

"ಅರ್ಧಾ ಸಕ್ಕರಿ ಕಡಿಮಿ ಮಾಡಿದ್ರ ನಿಲ್ತಿದ್ದಿಲ್ಲೇನ?"

"ಹೌದ್ರಿ ಅಜ್ಜಿ. ಬಾಟ್ಲಿನೂ ಒಡೀತಿದ್ದಿಲ್ಲ ಕಾಣಸ್ತದ."

"ಆದ್ರ ಸಿಹಿ ಇರತಿದ್ದಿಲ್ಲಲ್ಲ," ಅಂದರು ಅಜ್ಜಿ. "ಸಪ್ಪನ ವೈನ್ ಹಬ್ಬಕ್ಕ ಯಾರು ಕುಡೀತಿದ್ರೋ ಯಪ್ಪಾ?" ಹಾಳೆಯನ್ನು ಮಡಚಿ ಉಪ್ಪಿನಕಾಯಿ ಭರಣಿಯ ಕೆಳಗೆ ಸಿಕ್ಕಿಸಿದರು.